ವಲೆಟ್ಟಾದಲ್ಲಿ ಅಣ್ಣ ದಡಕ್ಕಿಳಿದ ದಿನ

ಯಾವುದೇ ಸರಕು ಹಡಗಿನ ಹಿಂಬದಿ ನೋಡಿ. ಮೇಲೆ ಹಡಗಿನ ಹೆಸರು, ಕೆಳಗೆ ಒಂದು ಊರಿನ ಹೆಸರು. ಮನ್ರೋವಿಯಾ, ಪನಾಮಾ, ಮಜುರೊ, ವಲೆಟ್ಟಾ. ಹಡಗು ನೋಂದಣಿಯಾಗಿರುವ ಊರು ಅದು. ಮಾಲೀಕ ಗ್ರೀಸಿನವನಿರಬಹುದು, ಕ್ಯಾಪ್ಟನ್ ಉಕ್ರೇನಿನವನು, ಡೆಕ್ಕಿನಲ್ಲಿ ಫಿಲಿಪೀನ್ಸಿನ ಹುಡುಗರು, ಇಂಜಿನ್ ರೂಮಿನಲ್ಲಿ ನಮ್ಮ ಕರಾವಳಿಯವರು. ಬೆನ್ನ ಮೇಲೆ ಬರೆದುಕೊಂಡ ಊರನ್ನು ಒಮ್ಮೆಯೂ ಕಾಣದೆ ಎಷ್ಟೋ ಹಡಗುಗಳು ಗುಜರಿಗೆ ಹೋಗುತ್ತವೆ. ನನ್ನ ಅಣ್ಣ ಮರ್ಚೆಂಟ್ ನೇವಿಯಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಅವನ ಕೊನೆಯ ವರ್ಷಗಳ ಹಡಗುಗಳಲ್ಲಿ ಹೆಚ್ಚಿನವುಗಳ ಹಿಂದೆ ವಲೆಟ್ಟಾ ಎಂದೇ ಇತ್ತು. ನೋಂದಾಯಿತ ಹಡಗುಗಳ ಒಟ್ಟು ಟನ್ನೇಜಿನ ಲೆಕ್ಕದಲ್ಲಿ ಯುರೋಪಿನಲ್ಲೇ ದೊಡ್ಡದು, ವಲೆಟ್ಟಾ ರಾಜಧಾನಿಯಾಗಿರುವ ಮಾಲ್ಟಾ ದೇಶದ ಪಟ್ಟಿ, ಹಾಗಾಗಿ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅಣ್ಣ ಆ ಊರಿನಲ್ಲಿ ಒಂದು ದಿನವೂ ಕಾಲಿಟ್ಟಿರಲಿಲ್ಲ. ಈ ಸಂಗತಿ ತಿಳಿದಾಗಿನಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದೆ: ಹಡಗು ನಡೆಸುವವನಿಗೆ ಸಿಗದ ಬಂದರು, ಟಿಕೇಟು ಕೊಂಡ ನಮಗೆ ಇಷ್ಟು ಸಲೀಸಾಗಿ ಸಿಗುವುದು ಹೇಗೆ?

ಇನ್ನು ಸಮುದ್ರ ಸಾಕು ಎನ್ನುತ್ತಿದ್ದವನನ್ನು ಅತ್ತಿಗೆ ಕ್ರೂಸಿಗೆ ಹೊರಡಿಸಿದ್ದು ಈ ಒಂದು ಹೆಸರನ್ನು ತೋರಿಸಿಯೇ. ಮೆಡಿಟರೇನಿಯನ್ ಸುತ್ತುವ ವಾರದ ಪ್ರವಾಸ, ನಡುವೆ ಒಂದು ದಿನ ವಲೆಟ್ಟಾ. ಬೆಂಗಳೂರಿನಿಂದ ನಾನೂ ಜೊತೆಯಾದೆ.

ಬೆಳಿಗ್ಗೆ ಹಡಗು ಗ್ರ್ಯಾಂಡ್ ಹಾರ್ಬರಿಗೆ ನುಗ್ಗುವಾಗ ಮೇಲಿನ ಡೆಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಲಗಡೆ ಸೇಂಟ್ ಎಲ್ಮೋ ಕೋಟೆ, ಎಡಗಡೆ ರಿಕಾಸೋಲಿ ಕೋಟೆ, ನಡುವೆ ಸಮುದ್ರದ ಒಂದು ಓಣಿ. ದಾಟಿ ಒಳಗೆ ಬಂದರೆ ಎರಡೂ ಬದಿ ನೀರಿನಿಂದಲೇ ಎದ್ದ ಗೋಡೆಗಳು. ಮಾಲ್ಟಾದ ಮನೆ, ಚರ್ಚು, ಕೋಟೆ ಎಲ್ಲವೂ ಆ ದ್ವೀಪದ್ದೇ ಸುಣ್ಣಕಲ್ಲಿನವು. ಬಿಸಿಲು ಬಿದ್ದ ಕಡೆ ಜೇನಿನ ಬಣ್ಣ, ನೆರಳಿನಲ್ಲಿ ಬೂದಿ. ಎಲ್ಲರೂ ಫೋನು ಎತ್ತಿ ಹಿಡಿದು ಕೋಟೆ ನೋಡುತ್ತಿದ್ದರೆ ಅಣ್ಣ ಕೆಳಗೆ ಬಗ್ಗಿ ಪೈಲಟ್ ದೋಣಿ ನೋಡುತ್ತಿದ್ದ. ಕೈ ರೇಲಿಂಗಿನ ಮೇಲಿತ್ತು. ನಡುಕ ಬದಲಾದಾಗಲೆಲ್ಲ ತಲೆಯಾಡಿಸುತ್ತಿದ್ದ. "ಈಗ ಥ್ರಸ್ಟರ್ ಹಾಕಿದ್ರು," ಎಂದ. ನನಗೆ ಏನೂ ಗೊತ್ತಾಗಲಿಲ್ಲ. ಬಂದರಿನೊಳಗೆ ಬರುವಾಗ ಅವನ ಜಾಗ ಯಾವಾಗಲೂ ನೀರಿನ ಮಟ್ಟಕ್ಕಿಂತ ಕೆಳಗೆ, ಕಂಟ್ರೋಲ್ ರೂಮಿನ ಮುಂದೆ. ಜಗತ್ತಿನ ಎಷ್ಟೋ ಬಂದರುಗಳ ಪ್ರವೇಶವನ್ನು ಅವನು ಬಲ್ಲದ್ದು ಕಾಲಡಿಯ ನಡುಕದಿಂದ ಮತ್ತು ಬ್ರಿಡ್ಜಿನಿಂದ ಬರುವ ಆರ್ಡರುಗಳಿಂದ. ಕಣ್ಣಿನಿಂದಲ್ಲ.

ದಿನದ ಟೂರುಗಳ ಪಟ್ಟಿಯನ್ನು ಹಡಗಿನವರು ಹಿಂದಿನ ರಾತ್ರಿಯೇ ಕೊಟ್ಟಿದ್ದರು. ಬಸ್ಸು, ಗೈಡು, ಮೂರು ಊರು, ಒಂದು ಊಟ. ಅಣ್ಣ ನೋಡಿ ಮಡಚಿಟ್ಟ. ಬಂದರಿನಲ್ಲಿ ದಡಕ್ಕಿಳಿಯಲು ಸಿಗುವ ಬಿಡುವಿಗೆ ಹಡಗಿನವರು ಶೋರ್ ಲೀವ್ ಎನ್ನುತ್ತಾರೆ. "ಬಸ್ಸು ಬೇಡ. ಶೋರ್ ಲೀವ್ ಅಂದ್ರೆ ನಡೀಬೇಕು. ಚಾ ಕುಡೀಬೇಕು. ಕೂತ್ಕೊಳ್ಳಬೇಕು. ಎಂತ ಅವಸರ ಮಾರಾಯ್ತಿ, ಐದೂವರೆ ತನಕ ಟೈಮ್ ಉಂಟು." ವಾಚನ್ನು ಹಡಗಿನ ಗಡಿಯಾರಕ್ಕೆ ಹೊಂದಿಸಿಕೊಂಡೇ ಹೊರಟ. ಆಮೇಲೆ ದಿನವಿಡೀ ನಮಗೆ ಸಮಯ ಕೇಳುವ ಅಗತ್ಯ ಬೀಳಲಿಲ್ಲ.

ಪಿಂಟೋ ಕಟ್ಟೆಯ ಮೇಲೆ

ಕ್ರೂಸ್ ಹಡಗುಗಳು ನಿಲ್ಲುವ ಧಕ್ಕೆಯ ಉದ್ದಕ್ಕೂ ಸಾಲುಗಟ್ಟಿ ನಿಂತ ಹಳೆಯ ಗೋದಾಮುಗಳಿವೆ. ಈಗ ಹೋಟೆಲು, ಅಂಗಡಿ, ಬಣ್ಣ ಬಣ್ಣದ ಬಾಗಿಲು. 1752ರಲ್ಲಿ ಅವನ್ನು ಕಟ್ಟಿಸಿದವನು ಪಿಂಟೋ, ಮಾಲ್ಟಾವನ್ನು ಆಳುತ್ತಿದ್ದ ಸೇಂಟ್ ಜಾನ್ ಪಂಥದ ನೈಟ್‌ಗಳೆಂಬ ಕ್ರೈಸ್ತ ಯೋಧರ ಗ್ರ್ಯಾಂಡ್ ಮಾಸ್ಟರ್, ಅಂದರೆ ಮುಖ್ಯಸ್ಥ. ಆ ಹೆಸರನ್ನು ಫಲಕದಲ್ಲಿ ಓದಿ ಮುಂದೆ ಹೋಗುವುದು ಸುಲಭ. ಆದರೆ ಗೋದಾಮುಗಳಿಗೆ ಮೂರು ವರ್ಷ ಮೊದಲು, 1749ರಲ್ಲಿ, ಇದೇ ಪಿಂಟೋನನ್ನು ಕೊಂದು ದ್ವೀಪವನ್ನು ವಶಪಡಿಸಿಕೊಳ್ಳಲು ಇಲ್ಲಿನ ಗುಲಾಮರು ಸಂಚು ಮಾಡಿದ್ದರು. ನೈಟ್‌ಗಳ ಗ್ಯಾಲಿ ಹಡಗುಗಳಿಗೆ ಹುಟ್ಟು ಹಾಕುತ್ತಿದ್ದವರಲ್ಲಿ ಸೆರೆಸಿಕ್ಕ ಮುಸ್ಲಿಮರು ಬಹಳ. ಹಡಗು ಬಂದರಿನಲ್ಲಿದ್ದಾಗ ಅವರಲ್ಲಿ ಕೆಲವರನ್ನು ಹಗಲು ಊರೊಳಗೆ ಬಿಡುತ್ತಿದ್ದರು. ಕ್ಷೌರ ಮಾಡುತ್ತಿದ್ದರು, ಸಣ್ಣಪುಟ್ಟ ವಸ್ತು ಮಾರುತ್ತಿದ್ದರು, ಕತ್ತಲಾಗುವಾಗ ವಲೆಟ್ಟಾದ ಗುಲಾಮರ ಬಂದೀಖಾನೆಗೆ ಮರಳುತ್ತಿದ್ದರು. ಸಂಚು ಬಯಲಾಗಿ ಅನೇಕರನ್ನು ಚಿತ್ರಹಿಂಸೆ ಕೊಟ್ಟು ಕೊಂದರು, ಉಳಿದವರ ಹಗಲಿನ ಓಡಾಟಕ್ಕೂ ಕಡಿವಾಣ ಬಿತ್ತು. 1798ರಲ್ಲಿ ನೆಪೋಲಿಯನ್ ಬಂದು ನೈಟ್‌ಗಳನ್ನು ಓಡಿಸುವವರೆಗೂ ಗುಲಾಮಗಿರಿ ಇತ್ತು.

ಈ ಊರಿಗೆ ಬಂದ ಎಲ್ಲರೂ ಊರೊಳಗೆ ಬಂದವರಲ್ಲ ಎನ್ನುವುದು ಅಲ್ಲಿಂದ ನನ್ನ ಮನಸ್ಸಿಗೆ ಹತ್ತಿಕೊಂಡಿತು. ವಲೆಟ್ಟಾದ ಇನ್ನೊಂದು ಬದಿಯ ನೀರಿನಲ್ಲಿ ಮನೋಯೆಲ್ ದ್ವೀಪ ಎಂಬ ಪುಟ್ಟ ನಡುಗಡ್ಡೆ ಇದೆ. 17ನೇ ಶತಮಾನದಿಂದ ಅಲ್ಲಿ ಕ್ವಾರಂಟೈನ್ ಆಸ್ಪತ್ರೆ ಇತ್ತು. ಪ್ಲೇಗಿನ ಊರುಗಳಿಂದ ಬಂದ ಹಡಗಿನವರು ಅಲ್ಲಿ ವಾರಗಟ್ಟಲೆ ಕಾಯಬೇಕಿತ್ತು. ಅವರ ಕಾಗದಗಳನ್ನು ಸೀಳಿ ಹೊಗೆ ಹಾಕಿ ಊರೊಳಗೆ ಬಿಡುತ್ತಿದ್ದರು. ಮನುಷ್ಯರಿಗಿಂತ ಮೊದಲು ಅವರ ಕಾಗದ ದಡ ಸೇರುತ್ತಿತ್ತು. ಮುಂದೆ ಬ್ರಿಟಿಷರ ಕಾಲದಲ್ಲಿ, 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ, ಭಾರತಕ್ಕೆ ಹೋಗಿ ಬರುವ ಉಗಿಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಕೊಳ್ಳುತ್ತಿದ್ದವು. ಅವುಗಳ ಒಲೆಯ ಮುಂದೆ ನಿಂತು ಬೆಂದವರಲ್ಲಿ ಲಾಸ್ಕರ್ ಎಂದು ಕರೆಯುತ್ತಿದ್ದ ನಮ್ಮ ದೇಶದ ಖಲಾಸಿಗಳು ಸಾವಿರಾರು ಮಂದಿ. ಬಿಳಿಯ ಖಲಾಸಿಗಿಂತ ಎಷ್ಟೋ ಕಡಿಮೆ ಸಂಬಳ, ಬೇರೆಯೇ ಕರಾರು. ಅವರಲ್ಲಿ ಎಷ್ಟು ಜನ ಈ ಮೆಟ್ಟಿಲು ಹತ್ತಿ ಊರು ನೋಡಿದರೋ.

ಬೆಂಚಿನ ಮೇಲೆ

ಧಕ್ಕೆಯಿಂದ ನೀರಿನ ಅಂಚಿನಲ್ಲೇ ನಡೆದರೆ ಬರಾಕ್ಕಾ ಲಿಫ್ಟು ಸಿಗುತ್ತದೆ. 58 ಮೀಟರ್ ಎತ್ತರಕ್ಕೆ, ನೇರ ಕೋಟೆಯ ನೆತ್ತಿಗೆ ಒಯ್ಯುತ್ತದೆ. ಮೇಲೆ ಅಪ್ಪರ್ ಬರಾಕ್ಕಾ ಉದ್ಯಾನ, ಕಮಾನುಗಳ ಸಾಲು, ಬೆಂಚುಗಳು, ಕೆಳಗೆ ಇಡೀ ಬಂದರು. ಅಣ್ಣ ಒಂದು ಬೆಂಚು ಹಿಡಿದ. ಹತ್ತು ನಿಮಿಷ ಕೂತು ಏಳುವುದು ಎಂದುಕೊಂಡಿದ್ದೆ. ಅವನು ಮಧ್ಯಾಹ್ನದವರೆಗೆ ಏಳಲಿಲ್ಲ.

ಮೊದಮೊದಲು ನನಗೆ ಚಡಪಡಿಕೆ. ಇಷ್ಟು ದೂರ ಬಂದು ಬೆಂಚಿನ ಮೇಲೆ ಕೂರುವುದೇ? ಸ್ವಲ್ಪ ಹೊತ್ತಾದ ಮೇಲೆ ಅವನು ಏನು ನೋಡುತ್ತಿದ್ದಾನೆ ಎಂದು ನೋಡತೊಡಗಿದೆ. ಎದುರು ದಡದಲ್ಲಿ ಮೂರು ಊರುಗಳು, ಬಿರ್ಗು, ಸೆಂಗ್ಲಿಯಾ, ಬೊರ್ಮ್ಲಾ, ಬೆರಳು ಚಾಚಿದ ಹಾಗೆ ನೀರಿಗೆ ಇಳಿದಿವೆ. 1565ರಲ್ಲಿ ಆಟೊಮನ್ ಸೈನ್ಯ ಮುತ್ತಿಗೆ ಹಾಕಿದಾಗ ಈ ಬಂದರಿನ ಊರು ಎಂದರೆ ಅವೇ. ನಾವು ಕೂತ ಗುಡ್ಡ ಆಗ ಬೋಳು, ತುದಿಯಲ್ಲಿ ಸೇಂಟ್ ಎಲ್ಮೋ ಕೋಟೆ ಮಾತ್ರ. ಮುತ್ತಿಗೆ ಮುರಿದ ಮರುವರ್ಷ, 1566ರಲ್ಲಿ, ಪೋಪ್ ಕಳಿಸಿದ ಇಂಜಿನಿಯರ್ ಲಾಪರೆಲ್ಲಿಯ ನಕ್ಷೆಯಂತೆ ಹೊಸ ಊರಿಗೆ ಅಡಿಗಲ್ಲು ಬಿತ್ತು. ನೇರ ಬೀದಿಗಳು, ಕೊನೆಯಲ್ಲಿ ಸಮುದ್ರ. ಹೊಳೆಯಿಲ್ಲದ ದ್ವೀಪ ಎಂದು ಪ್ರತಿ ಮನೆಯ ಕೆಳಗೂ ಮಳೆನೀರಿನ ತೊಟ್ಟಿ ಇರಲೇಬೇಕು ಎಂಬ ಕಟ್ಟಳೆ. ಊರು ನೋಡಿದವರು ಚರ್ಚುಗಳನ್ನು ಹೊಗಳುತ್ತಾರೆ. ನನಗೆ ಆ ತೊಟ್ಟಿಯ ಕಟ್ಟಳೆಯೇ ದೊಡ್ಡದು ಅನ್ನಿಸಿತು. ಮತ್ತೆ ಮುತ್ತಿಗೆ ಬಂದೀತು, ತಿಂಗಳುಗಟ್ಟಲೆ ಕಾಯಬೇಕಾದೀತು ಎಂದು ಎಣಿಸಿ ಕಟ್ಟಿದ ಊರು ಅದು.

ಅಣ್ಣ ನೋಡುತ್ತಿದ್ದದ್ದು ಇದ್ಯಾವುದನ್ನೂ ಅಲ್ಲ. ಕೆಳಗೆ ಒಂದು ಸಣ್ಣ ಟ್ಯಾಂಕರು ನಮ್ಮ ಕಡೆ ಹಿಂಬದಿ ಮಾಡಿ ನಿಂತಿತ್ತು. ಬಿಳಿ ಅಕ್ಷರದಲ್ಲಿ ವಲೆಟ್ಟಾ. ಅದರ ಡೆಕ್ಕಿನಲ್ಲಿ ಕಿತ್ತಳೆ ಬಣ್ಣದ ಬಾಯ್ಲರ್ ಸೂಟು ಹಾಕಿದ ಇಬ್ಬರು ಬಗ್ಗಿ ಪೈಪಿನ ಹತ್ತಿರ ಏನೋ ಮಾಡುತ್ತಿದ್ದರು. ಬಂಕರಿಂಗ್ ದೋಣಿ ಇರಬೇಕು, ಹಡಗುಗಳಿಗೆ ಎಣ್ಣೆ ತುಂಬಿಸುವುದು, ಎಂದ. ಬಂದರಿಗೆ ಬಂದರೆ ಡೆಕ್ಕಿನವರಿಗೆ ಕಾರ್ಗೋ, ಇಂಜಿನ್ನಿನವರಿಗೆ ಬಂಕರು ಮತ್ತು ಓವರ್‌ಹಾಲು. ಇಂಜಿನ್ ನಿಂತಿರುವಾಗ ಮಾತ್ರ ಅದರ ಹೊಟ್ಟೆ ಬಿಚ್ಚಲು ಸಾಧ್ಯವಲ್ಲವೇ. ಇಂಜಿನ್ ನಿಲ್ಲುವುದು ಬಂದರಿನಲ್ಲಿ. ಬಂದರು ಎಂದರೆ ಅವನಿಗೆ ಅತಿ ಹೆಚ್ಚು ಕೆಲಸದ ದಿನ.

ಹಿಂದೆ ಹಾಗಿರಲಿಲ್ಲವಂತೆ. ಅಣ್ಣ ಜೂನಿಯರ್ ಇಂಜಿನಿಯರ್ ಆಗಿ ಸೇರಿದ ಕಾಲಕ್ಕೆ ಮೂಟೆ, ಪೆಟ್ಟಿಗೆ, ಪೀಪಾಯಿ ಲೆಕ್ಕದಲ್ಲಿ ಸರಕು ಇಳಿಸುವ ಹಡಗುಗಳು ಇನ್ನೂ ಓಡುತ್ತಿದ್ದವು. ಒಂದು ಬಂದರಿನಲ್ಲಿ ವಾರ, ಕೆಲವು ಕಡೆ ತಿಂಗಳು. ಮಳೆ ಬಂದರೆ ಸಕ್ಕರೆ ಇಳಿಸುವ ಹಾಗಿಲ್ಲ, ಇನ್ನೆರಡು ದಿನ. ಆ್ಯಂಟ್‌ವರ್ಪಿನಲ್ಲಿ ಯಾವ ಬೀದಿಯಲ್ಲಿ ಹಳೆಯ ಕೋಟು ಅಗ್ಗ, ಯಾವ ಅಂಗಡಿಯವಳು ಸಾಲ ಕೊಡುತ್ತಾಳೆ ಎಲ್ಲ ಗೊತ್ತಿತ್ತು. ಅವನು ಆಗ ಬರೆಯುತ್ತಿದ್ದ ಕಾಗದಗಳನ್ನು ನಾನು ಓದಿದ್ದೇನೆ, ಅವುಗಳಲ್ಲಿ ಊರುಗಳಿದ್ದವು. ಕೊನೆಯ ವರ್ಷಗಳ ಫೋನುಗಳಲ್ಲಿ ಊರೇ ಇರಲಿಲ್ಲ, ಬರೇ ಹವಾಮಾನ. 1956ರಲ್ಲಿ ಅಮೆರಿಕದಲ್ಲಿ ಮೊದಲ ಕಂಟೇನರುಗಳನ್ನು ಹೊತ್ತು ಹೊರಟ ಹಡಗಿನಿಂದ ಶುರುವಾದದ್ದು ನಿಧಾನಕ್ಕೆ ಎಲ್ಲ ಬಂದರುಗಳನ್ನೂ ಊರಿನಿಂದ ಹೊರಗೆ ತಳ್ಳಿತು. ರಾಟರ್‌ಡ್ಯಾಮಿನ ಹೊಸ ಟರ್ಮಿನಲ್ಲುಗಳು ಪೇಟೆಯಿಂದ ಸುಮಾರು 40 ಕಿಲೋಮೀಟರ್ ದೂರ, ಸಮುದ್ರ ತುಂಬಿ ಮಾಡಿದ ನೆಲದ ಮೇಲೆ. ಮಾಲ್ಟಾದಲ್ಲೂ ಕಂಟೇನರುಗಳು ಈ ಚೆಂದದ ಬಂದರಿಗೆ ಬರುವುದಿಲ್ಲ, ದ್ವೀಪದ ದಕ್ಷಿಣದ ಫ್ರೀಪೋರ್ಟಿಗೆ ಹೋಗುತ್ತವೆ. ಮಂಗಳೂರಿನ ಹಳೆ ಬಂದರು ಬಿಟ್ಟು ದೊಡ್ಡ ಹಡಗುಗಳು ಪಣಂಬೂರಿಗೆ ಹೋದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹನ್ನೆರಡು ಗಂಟೆಯಲ್ಲಿ ಸಾವಿರಾರು ಪೆಟ್ಟಿಗೆ ಇಳಿದು ಹತ್ತುತ್ತವೆ, ಹಡಗು ಹೊರಡುತ್ತದೆ. 2004ರ ಜುಲೈಯಿಂದ ಹೊಸ ಭದ್ರತಾ ನಿಯಮಗಳು ಬಂದ ಮೇಲೆ ಗೇಟು ದಾಟುವುದೇ ಒಂದು ಸಾಹಸ. ವೀಸಾ ಇಲ್ಲದಿದ್ದರೆ ಅಮೆರಿಕದಲ್ಲಂತೂ ಹಡಗಿನ ಏಣಿ ಇಳಿಯುವ ಹಾಗೇ ಇಲ್ಲ.

ಕಾನೂನು ಇಲ್ಲವೆಂದಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದ ಖಲಾಸಿಗಳ ಆರೋಗ್ಯಕ್ಕೆ, ನೆಮ್ಮದಿಗೆ ಶೋರ್ ಲೀವ್ ಕೊಡಬೇಕು ಎನ್ನುತ್ತದೆ. ಅದೇ ವಾಕ್ಯದಲ್ಲಿ, ಅವರವರ ಕೆಲಸದ ಅಗತ್ಯಕ್ಕೆ ಹೊಂದುವಂತೆ ಎಂದೂ ಹೇಳುತ್ತದೆ. ಅಣ್ಣನ ಅನುಭವದಲ್ಲಿ ಮೊದಲ ಅರ್ಧ ಗೋಡೆಯ ಮೇಲಿತ್ತು, ಎರಡನೇ ಅರ್ಧ ಜಾರಿಯಲ್ಲಿತ್ತು. 2020ರಲ್ಲಿ ಕೊರೊನಾಕ್ಕೆ ಬಂದರುಗಳು ಬಾಗಿಲು ಹಾಕಿಕೊಂಡಾಗ ಕರಾರು ಮುಗಿದರೂ ಇಳಿಯಲಾಗದೆ ಸುಮಾರು 4 ಲಕ್ಷ ಖಲಾಸಿಗಳು ಹಡಗುಗಳಲ್ಲೇ ಉಳಿದರು. ನಾವು ಮನೆಯೊಳಗಿದ್ದು ಆನ್‌ಲೈನಿನಲ್ಲಿ ತರಿಸಿಕೊಂಡ ಸಾಮಾನುಗಳಲ್ಲಿ ಎಷ್ಟೋ ಅವರು ಹೊತ್ತು ತಂದವು. ಇದು ನನಗೆ ಸಿಟ್ಟು ತರಿಸುತ್ತದೆ. ಇವತ್ತಿಗೂ.

ಹನ್ನೆರಡಕ್ಕೆ ಕೆಳಗಿನ ಬುರುಜಿನಿಂದ ತೋಪು ಹಾರಿತು. ದಿನಾ ಹಾರಿಸುತ್ತಾರೆ. ಮೊದಲು ಅದು ಪ್ರವಾಸಿಗಳಿಗಾಗಿ ಇರಲಿಲ್ಲ, ಬಂದರಿನಲ್ಲಿದ್ದ ಹಡಗುಗಳು ತಮ್ಮ ಕ್ರೋನೋಮೀಟರ್ ಎಂಬ ಗಡಿಯಾರವನ್ನು ಸರಿಮಾಡಿಕೊಳ್ಳಲಿ ಎಂದು ಇತ್ತು. ಅಣ್ಣ ವಾಚು ನೋಡಿಕೊಂಡ. ಆಮೇಲೆ 1942ರ ಆಗಸ್ಟಿನ ಕತೆ ಹೇಳಿದ. ಮರ್ಚೆಂಟ್ ನೇವಿಯವರು ಮರೆಯದ ಕತೆ ಅದು. ಬಾಂಬು ಬಿದ್ದು ಹಸಿದಿದ್ದ ಮಾಲ್ಟಾಕ್ಕೆ ಹೊರಟ 14 ವ್ಯಾಪಾರಿ ಹಡಗುಗಳಲ್ಲಿ ಮುಟ್ಟಿದ್ದು ಐದೇ. ಕೊನೆಯದು ಒಹಾಯೋ ಎಂಬ ಟ್ಯಾಂಕರು. ಒಡೆದು, ಇಂಜಿನ್ ನಿಂತು, ಮುಳುಗಲು ಸಿದ್ಧವಾಗಿದ್ದ ಅದನ್ನು ಯುದ್ಧನೌಕೆಗಳು ಎರಡು ಕಡೆಯಿಂದ ಕಂಕುಳಿಗೆ ಕೈ ಕೊಟ್ಟ ಹಾಗೆ ಹಿಡಿದು ಆಗಸ್ಟ್ 15ರಂದು ಇದೇ ನೀರಿಗೆ ತಂದವು. ಮಾತೆ ಮೇರಿಯ ಹಬ್ಬದ ದಿನ. ಜನ ಈ ಗೋಡೆಗಳ ಮೇಲೆ ನಿಂತು ಕೂಗಿದರು. "ಆ ಹಡಗಿನ ಇಂಜಿನ್ ರೂಮಿನವರನ್ನು ಯೋಚನೆ ಮಾಡು," ಎಂದ ಅಣ್ಣ. ಮುಂದೆ ಏನೂ ಹೇಳಲಿಲ್ಲ.

ಅನುಮತಿ ಇಲ್ಲದೆ ಹೋದವನು

ಅತ್ತಿಗೆಗೆ ಸೇಂಟ್ ಜಾನ್ ಕ್ಯಾಥೆಡ್ರಲ್ ನೋಡಲೇಬೇಕಿತ್ತು. ಒಳಗಿನ ಚಿನ್ನದ ಕೆತ್ತನೆ, ನೆಲದ ತುಂಬ ನೈಟ್‌ಗಳ ಅಮೃತಶಿಲೆಯ ಗೋರಿಗಳು, ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರವಿದೆ, ಸಂತ ಜಾನನ ಶಿರಚ್ಛೇದ. ಐದು ಮೀಟರಿಗೂ ಅಗಲ. ಅರ್ಧದಷ್ಟು ಖಾಲಿ ಗೋಡೆ, ಕತ್ತಲೆ. ಕಂಬಿಯ ಹಿಂದಿನಿಂದ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಾರೆ. ನೆಲಕ್ಕೆ ಹರಿದ ರಕ್ತದಲ್ಲೇ ಚಿತ್ರಕಾರನ ಸಹಿ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ರೋಮಿನಲ್ಲಿ ಕೊಲೆ ಮಾಡಿ ಓಡಿ ಬಂದವನಿಗೆ ಇಲ್ಲಿ ನೈಟ್ ಪದವಿ ಸಿಕ್ಕಿತು, ತಿಂಗಳುಗಳಲ್ಲೇ ಜಗಳ ಮಾಡಿ ಎದುರು ದಡದ ಸೇಂಟ್ ಆ್ಯಂಜೆಲೋ ಕೋಟೆಯಲ್ಲಿ ಸೆರೆಬಿದ್ದ, ಅಲ್ಲಿಂದ ತಪ್ಪಿಸಿಕೊಂಡು ಸಿಸಿಲಿ ಸೇರಿದ. ಡಿಸೆಂಬರ್ 1ರಂದು ನೈಟ್‌ಗಳು ಅವನನ್ನು ಪಂಥದಿಂದ ಹೊರಹಾಕಿದರು, ಅವನದೇ ಚಿತ್ರದ ಮುಂದೆ ಸೇರಿ. ಆರೋಪ: ಗ್ರ್ಯಾಂಡ್ ಮಾಸ್ಟರನ ಅನುಮತಿಯಿಲ್ಲದೆ ದ್ವೀಪ ಬಿಟ್ಟ. ಬೆಳಗಿನಿಂದ ಇಳಿಯಲಾಗದವರ ಯೋಚನೆಯಲ್ಲೇ ಇದ್ದ ನನಗೆ, ಹತ್ತಲು ಬಿಡದ ಬಂದರಿನ ಈ ಕತೆ ಸೇರಿ ಚಿತ್ರದ ಆ ಇಬ್ಬರು ಕೈದಿಗಳಿಂದ ಕಣ್ಣು ಕೀಳಲು ಆಗಲಿಲ್ಲ.

ಹೊರಗೆ ಬಂದು ಒಂದು ಸಣ್ಣ ಅಂಗಡಿಯಲ್ಲಿ ಪಸ್ತಿತ್ಸಿ ತಿಂದೆವು. ಎಸಳೆಸಳಾದ ಹಿಟ್ಟಿನ ಒಳಗೆ ರಿಕೊಟ್ಟಾ ಚೀಸು ಒಂದರಲ್ಲಿ, ಅರೆದ ಬಟಾಣಿ ಇನ್ನೊಂದರಲ್ಲಿ. ತಟ್ಟೆಯ ಬದಲು ಕಾಗದ, ಕಾಗದದ ತುಂಬ ಪುಡಿ. ಚಹಾ ಗಾಜಿನ ಲೋಟದಲ್ಲಿ, ಹಾಲು ಹಾಕಿ. "ಇದು ನಮ್ಮ ರುಚಿಯ ಚಾ," ಎಂದು ಅತ್ತಿಗೆ ಇನ್ನೊಂದು ಲೋಟ ತರಿಸಿಕೊಂಡರು.

ಬೊರ್ಮ್ಲಾದ ಡಾಕು

ಮಧ್ಯಾಹ್ನದ ಮೇಲೆ ಎದುರು ದಡಕ್ಕೆ ದೈಸಾದಲ್ಲಿ ಹೋದೆವು. ಎರಡು ತುದಿಯೂ ಎತ್ತರಕ್ಕೆ ಬಾಗಿದ, ಬಣ್ಣ ಬಳಿದ ಮರದ ದೋಣಿ. ಈಗ ಮೋಟಾರಿದೆ, ಆದರೂ ದಡ ಹತ್ತಿರವಾದಾಗ ದೋಣಿಯವನು ಎದ್ದು ನಿಂತು ಹುಟ್ಟು ಹಾಕಿದ. ಬೊರ್ಮ್ಲಾದಲ್ಲಿ ಬ್ರಿಟಿಷ್ ನೌಕಾಪಡೆ 1840ರ ದಶಕದಲ್ಲಿ ಕಟ್ಟಿದ ಒಂದನೇ ನಂಬರಿನ ಡ್ರೈಡಾಕು ಇದೆ, ಹಡಗನ್ನು ಒಳಗೆ ತಂದು ನೀರು ಖಾಲಿ ಮಾಡಿ ರಿಪೇರಿ ಮಾಡುವ ಜಾಗ. ಹಡಗು ರಿಪೇರಿ ನಿಂತು ಎಷ್ಟೋ ಕಾಲವಾಯಿತು. ಈಗ ಅದರಲ್ಲಿ ನೀರು ತುಂಬಿದೆ, ಸುತ್ತ ಕಲ್ಲು ಹಾಸಿ ನಡೆಯಲು ದಾರಿ ಮಾಡಿದ್ದಾರೆ. ಹಗ್ಗ ಕಟ್ಟುವ ಕಬ್ಬಿಣದ ಗುಂಡುಕಂಬಗಳು ಹಾಗೇ ಇವೆ. ಅಣ್ಣ ಒಂದರ ಮೇಲೆ ಕೈಯಿಟ್ಟು ಅದರ ಸವೆದ ಕುತ್ತಿಗೆಯನ್ನು ನೋಡುತ್ತಿದ್ದಾಗ ಬೆಂಚಿನಲ್ಲಿದ್ದ ಮುದುಕರೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು, "ಹಡಗಿನವರಾ?" ಹೌದು ಎಂದ. ಡೆಕ್ಕಾ, ಇಂಜಿನ್ನಾ? ಇಂಜಿನ್. ಅವರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

ಅವರು ಇಲ್ಲಿನ ಡಾಕ್‌ಯಾರ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಆರನೇ ನಂಬರಿನ ಡಾಕಿನಲ್ಲಿ, ಚೀನಾದ ನೆರವಿನಿಂದ ಕಟ್ಟಿದ್ದಕ್ಕೆ ಜನ ರೆಡ್ ಚೈನಾ ಡಾಕ್ ಎನ್ನುವ, ಮೂರು ಲಕ್ಷ ಟನ್ನಿನ ಟ್ಯಾಂಕರೂ ಹಿಡಿಯುವ ಡಾಕು. ಆಮೇಲೆ ನಡೆದ ಮಾತಿನಲ್ಲಿ ನಾನೂ ಅತ್ತಿಗೆಯೂ ಕೇಳುಗರು ಮಾತ್ರ. ಸುಲ್ಝರ್ ಇಂಜಿನ್ನಿನ ಪಿಸ್ಟನ್ ರಿಂಗು, ಲೈನರ್ ಸೀಳುವುದು, ಸ್ಕ್ಯಾವೆಂಜ್ ಬೆಂಕಿ. ಅಣ್ಣ ಬೆರಳಿನಲ್ಲಿ ಬೆಂಚಿನ ಮೇಲೆ ಪೋರ್ಟುಗಳ ಚಿತ್ರ ಬರೆದ, ಮುದುಕರು ಅದರ ಮೇಲೆ ತಮ್ಮ ಬೆರಳಿಟ್ಟು ಅಲ್ಲ, ಬಿರುಕು ಇಲ್ಲಿ ಬರುತ್ತಿತ್ತು ಎಂದು ತೋರಿಸಿದರು. ಬೆಂಚಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಇಬ್ಬರಿಗೂ ಕಾಣುತ್ತಿತ್ತು. ಅವರ ಕಾಲದಲ್ಲಿ ಡ್ರೈಡಾಕಿಗೆ ಬಂದ ಹಡಗು ತಿಂಗಳು ನಿಲ್ಲುತ್ತಿತ್ತಂತೆ. ಖಲಾಸಿಗಳ ಮುಖ ಊರಿಗೆಲ್ಲ ಪರಿಚಯವಾಗುತ್ತಿತ್ತು, ಭಾನುವಾರ ಚರ್ಚಿನಲ್ಲಿ, ಸಂಜೆ ಬಾರಿನಲ್ಲಿ. ಮದುವೆಯಾಗಿ ಇಲ್ಲೇ ನಿಂತವರೂ ಇದ್ದರು. 2010ರಲ್ಲಿ ಸರ್ಕಾರದ ಡ್ರೈಡಾಕ್ಸ್ ಮುಚ್ಚಿ ಖಾಸಗಿಯವರಿಗೆ ಹೋಯಿತು. ಹಡಗುಗಳು ಈಗಲೂ ರಿಪೇರಿಗೆ ಬರುತ್ತವೆ, ಖಲಾಸಿಗಳನ್ನು ಪೇಟೆಯಲ್ಲಿ ಕಂಡು ಗುರುತಿಸಿದ್ದು ನೆನಪಿಲ್ಲ ಎಂದರು. ಅಣ್ಣ ತನ್ನ ಹಡಗುಗಳ ಹಿಂದೆ ವಲೆಟ್ಟಾ ಎಂದು ಬರೆದಿದ್ದನ್ನು ಹೇಳಿದ. ಇದೇ ಮೊದಲ ಸಲ ಬಂದದ್ದು ಎಂದೂ ಹೇಳಿದ. ಮುದುಕರು ಎದ್ದು ನಿಂತು ಅಣ್ಣನ ಕೈ ಕುಲುಕಿದರು. "ಹಾಗಾದರೆ ನೀವು ತಡವಾಗಿ ಮನೆಗೆ ಬಂದಿದ್ದೀರಿ," ಎಂದರು. ಅಣ್ಣ ಇಷ್ಟು ಖುಷಿಯಾಗಿದ್ದನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಐದೂವರೆಗೆ

ಹಡಗಿಗೆ ಐದಕ್ಕೇ ಮರಳಿದೆವು. ನಮ್ಮ ಕ್ಯಾಬಿನ್ನುಗಳ ಕೆಲಸಕ್ಕೆ ಇದ್ದವನು ಕುಂದಾಪುರ ಕಡೆಯ ಹುಡುಗ. ಎರಡನೇ ದಿನವೇ ಕನ್ನಡದಲ್ಲಿ ಮಾತು ಶುರುವಾಗಿ ಅಣ್ಣನನ್ನು ಸರ್ ಎನ್ನುವುದು ಬಿಟ್ಟು ಅಣ್ಣ ಎನ್ನುತ್ತಿದ್ದ. ವಾರಕ್ಕೊಮ್ಮೆ ಈ ಹಡಗು ವಲೆಟ್ಟಾಕ್ಕೆ ಬರುತ್ತದೆ. ಊರು ನೋಡಿದ್ದೀಯಾ ಎಂದು ಅಣ್ಣ ಕೇಳಿದ. ಕರಾರಿನ ಐದನೇ ತಿಂಗಳಂತೆ, ಧಕ್ಕೆಯ ಮೇಲೆ ವೈಫೈ ಹಿಡಿಯಲು ಇಳಿದಿದ್ದಾನೆ, ಅದರಿಂದ ಮುಂದೆ ಹೋಗಿಲ್ಲ. ಮಧ್ಯಾಹ್ನ ಎರಡು ಗಂಟೆ ಹೊತ್ತು ಬಿಡುವು ಸಿಗುತ್ತದೆ, ಕೆಲವೊಮ್ಮೆ ಡ್ರಿಲ್ ಇರುತ್ತದೆ, ಇಲ್ಲದಿದ್ದರೆ ನಿದ್ದೆ. "ಎರಡು ಗಂಟೆಯಲ್ಲಿ ಎಂತ ನೋಡೂಕಾತ್ತ್ ಅಣ್ಣ?"

ಅಣ್ಣ ಟೂರುಗಳ ಪಟ್ಟಿಯ ಕಾಗದ ತೆಗೆದು ಅದರ ಹಿಂದುಗಡೆ ನಕ್ಷೆ ಬರೆಯತೊಡಗಿದ. ಧಕ್ಕೆಯಿಂದ ಲಿಫ್ಟಿಗೆ ಹದಿನೈದು ನಿಮಿಷ, ಜೋರಾಗಿ ನಡೆದರೆ ಹತ್ತು. ಪ್ರಯಾಣಿಕರ ಕ್ಯೂ ದೊಡ್ಡದಿದ್ದರೆ ಕಾಯಬೇಡ, ರಸ್ತೆಯಲ್ಲೇ ಮೇಲೆ ಹತ್ತು. ಕಮಾನುಗಳ ಹತ್ತಿರ ಎಡಗಡೆಯ ಬೆಂಚಿಗೆ ನೆರಳು ಉಂಟು. ಚಾ ಅಂಗಡಿ ಕ್ಯಾಥೆಡ್ರಲ್ ದಾಟಿ ಇಳಿಜಾರಿನ ಬೀದಿಯಲ್ಲಿ, ಬಟಾಣಿಯದ್ದು ಕೇಳು, ಬಿಸಿ ಇರುತ್ತದೆ. ಹಿಂದೆ ಬರುವಾಗ ಇಳಿಜಾರು, ಐದು ನಿಮಿಷ ಕಡಿಮೆ ಸಾಕು. ಒಟ್ಟು ಒಂದು ಗಂಟೆ ನಲವತ್ತು. "ಇಪ್ಪತ್ತು ನಿಮಿಷ ಕೈಯಲ್ಲಿ ಉಳೀತದೆ," ಎಂದು ಹುಡುಗನ ಕೈಗೆ ಕಾಗದ ಕೊಟ್ಟ. "ಮುಂದಿನ ವಾರ ಡ್ರಿಲ್ ಇದ್ದರೆ ಅದರ ಮುಂದಿನ ವಾರ. ಹೋಗಿ ಬಂದು ನನಗೊಂದು ವಾಟ್ಸ್ಆ್ಯಪ್ ಹಾಕು."